ಬ್ರುನೇರೊನ ಬೆನ್ನು

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಗಾದೆಯನ್ನು ಯಾರೋ ಬಣ್ಣ ಬಳಿಯುವವನನ್ನು ನೋಡಿಯೇ ಕಟ್ಟಿರಬೇಕು. ನಮ್ಮ ಪೊಂತೆವೆರ್ದೆ ಊರಿನ ಎಜಿಸ್ತೊ ಆವತ್ತು ವೈನಂಗಡಿಯಲ್ಲಿ ಬಾಯಿ ಮುಚ್ಚಿಕೊಂಡು ಇಸ್ಪೀಟು ಆಡಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಊರಿಗೆ ಇಷ್ಟು ಬೇಜಾರೂ ಇರುತ್ತಿರಲಿಲ್ಲ.

ಎಜಿಸ್ತೊನ ಕಸುಬು ಬೋರ್ಡು ಬರೆಯುವುದು. 'ಇಲ್ಲಿ ಉಪ್ಪು, ಹೊಗೆಸೊಪ್ಪು ದೊರೆಯುತ್ತದೆ', 'ಗೋಡೆಗೆ ಸೈಕಲ್ ಒರಗಿಸಬಾರದು', ಇಂಥವು. ಅಕ್ಷರಗಳು ಅವನ ಮಾತು ಕೇಳುತ್ತಿದ್ದವು, ಮನುಷ್ಯರು ಕೇಳುತ್ತಿರಲಿಲ್ಲ. ಒಮ್ಮೆ ಕ್ಷೌರದಂಗಡಿಯ ಬೋರ್ಡಿಗೆ ಗಡ್ಡ ಹೆರೆಸಿಕೊಳ್ಳುವವನ ಚಿತ್ರ ಬರೆದುಕೊಟ್ಟಿದ್ದ. ಒಳಗೆ ಕತ್ತು ಕೊಯ್ಯುತ್ತಾರೆ ಅಂತ ಮಕ್ಕಳು ಹೆದರಿ ಆ ಬೀದಿಯನ್ನೇ ಬಿಟ್ಟವು. ಕ್ಷೌರಿಕ ಅದರ ಮೇಲೆ ಸುಣ್ಣ ಬಳಿದ.

ಅಂಥವನಿಗೆ ಊರ ಪಾದ್ರಿ ದೋನ್ ಸೆಕೋಂದೊ ಅವರು ಸಂತ ಬಾರ್ತೊಲೊಮೆಯೊನ ಹಬ್ಬದ ಮೆರವಣಿಗೆಯಲ್ಲಿ ಕೋಲಿಗೆ ಕಟ್ಟಿ ಹೊರುವ ಬಟ್ಟೆಯ ಪಟವನ್ನು ಹೊಸದಾಗಿ ಬರೆಯಲು ಹೇಳಿದರು. ಹಳೆಯದನ್ನು ಹುಳ ತಿಂದಿತ್ತು, ಸಂತನ ಮೂಗಿನಿಂದ ಹಿಡಿದು ಮಂಡಿಯವರೆಗೆ. ಪೇಟೆಯಿಂದ ಒಳ್ಳೆಯ ಚಿತ್ರಗಾರನನ್ನು ಕರೆಸುವ ತಾಕತ್ತು ನಮ್ಮ ಚರ್ಚಿಗೆ ಇರಲಿಲ್ಲ, ಎಜಿಸ್ತೊನಾದರೆ ಪುಣ್ಯಕ್ಕೇ ಬರೆಯುತ್ತಿದ್ದ.

ನಮ್ಮೂರಿನಲ್ಲಿ ಎರಡು ಮನೆಗೊಬ್ಬ ಚರ್ಮ ಹದ ಮಾಡುವವನು. ಆ ಕಸುಬಿನವರನ್ನೆಲ್ಲ ಕಾಯುವ ಸಂತ ಬಾರ್ತೊಲೊಮೆಯೊ, ಯಾಕೆಂದರೆ ಅವನನ್ನು ಜೀವಂತವಾಗಿ ಚರ್ಮ ಸುಲಿದು ಕೊಂದರು. ಚರ್ಮ ಕಳೆದುಕೊಂಡವನು ಚರ್ಮ ಸುಲಿಯುವವರನ್ನೇ ಯಾಕೆ ಕಾಯಬೇಕು ಅಂತ ಕೇಳಬೇಡಿ, ಸಂತರ ಲೆಕ್ಕಾಚಾರ ನಮ್ಮ ತಲೆಗೆ ನಿಲುಕುವಂಥದ್ದಲ್ಲ. ಚರ್ಚಿನಲ್ಲಿ ಅವನ ಮರದ ವಿಗ್ರಹವಿದೆ. ತನ್ನನ್ನು ಸುಲಿದ ಕತ್ತಿಯನ್ನು ತಾನೇ ಬಲಗೈಯಲ್ಲಿ ಹಿಡಿದುಕೊಂಡು, ಹಬ್ಬದಡುಗೆಗೆ ಹೊರಟವನ ಹಾಗೆ ಶಾಂತವಾಗಿ ನಿಂತಿದ್ದಾನೆ. ಊರವರಿಗೆ ಕತ್ತಿ ಅಂದರೆ ಸಂತ, ಸಂತ ಅಂದರೆ ಕತ್ತಿ.

ಪಟದ ಸುದ್ದಿ ವೈನಂಗಡಿಗೆ ಎಜಿಸ್ತೊನಿಗಿಂತ ಮೊದಲೇ ಹೋಗಿ ಕೂತಿತ್ತು.

"ಏನೋ ಎಜಿಸ್ತೊ, ಸಂತನ ಹೊಟ್ಟೆ ಮೇಲೂ 'ಸೈಕಲ್ ಒರಗಿಸಬಾರದು' ಅಂತ ಬರೀತೀಯಾ ಹ್ಯಾಗೆ?" ಅಂದ ಬ್ರುನೇರೊ. ಅಂಗಡಿ ಗೊಳ್ಳೆಂದಿತು.

ಬ್ರುನೇರೊ ಅಂದರೆ ಎಜಿಸ್ತೊನ ಪ್ರಾಣಸ್ನೇಹಿತ. ಒಂದೇ ಬೆಂಚಿನಲ್ಲಿ ಕೂತು ಒಂದೇ ಮೇಷ್ಟರ ಕೈಲಿ ಪೆಟ್ಟು ತಿಂದವರು, ಇಸ್ಪೀಟಿನಲ್ಲಿ ಎಂದೂ ಜೊತೆ ಬಿಡದವರು. ಚರ್ಮದ ಕಾರ್ಖಾನೆಯಲ್ಲಿ ಹಸಿ ತೊಗಲು ಎತ್ತಿ ಎತ್ತಿ ಬ್ರುನೇರೊನ ತೋಳು ಬೇರೆಯವರ ತೊಡೆಯಷ್ಟಿತ್ತು. ಕೆಂಪು ಪಕ್ಷದವನು, ಮದುವೆಯ ದಿನ ಬಿಟ್ಟರೆ ಚರ್ಚಿನ ಹೊಸಿಲು ತುಳಿದವನಲ್ಲ. ಬೆಳಿಗ್ಗೆ ಎದ್ದ ಕೂಡಲೇ ದೇವರಿಗೆ ಒಂದು ಬೈಗುಳ ಸಲ್ಲಿಸಿಯೇ ಮುಖ ತೊಳೆಯುತ್ತಿದ್ದ.

ಎಜಿಸ್ತೊನಿಗೆ ಆ ನಗು ಚುರುಕ್ ಎಂದಿತು. ನಾಲಿಗೆ ಸುಮ್ಮನಿರಬೇಕಲ್ಲ! "ನಗ್ರೋ ನಗ್ರಿ. ಹಿಂದಿನ ಕಾಲದ ದೊಡ್ಡ ದೊಡ್ಡ ಚಿತ್ರಗಾರರು ಹೆಣ ಕೊಯ್ದು ನೋಡಿ ಕಲೀತಿದ್ರು, ಗೊತ್ತಾ? ಒಳಗಿರೋದು ಗೊತ್ತಿಲ್ದೆ ಹೊರಗಿಂದು ಬರಿಯೋಕಾಗಲ್ಲ. ಅದ್ರಲ್ಲೂ ನಮ್ಮ ಸಂತನಿಗೆ ಹೊರಗಿಂದು ಅನ್ನೋದೇ ಇಲ್ಲ! ಮೂಳೆ, ಮಾಂಸ, ನರ ಎಲ್ಲಾ ಕಲ್ತೇ ಕುಂಚ ಮುಟ್ತೀನಿ. ಕೇಳಿಸ್ತಾ?"

ಎಲ್ಲರಿಗೂ ಕೇಳಿಸಿತು, ಅದೇ ಆದ ತಪ್ಪು. ಹೇಳಿದ ಮೇಲೆ ಮಾಡದೆ ವಿಧಿಯಿರಲಿಲ್ಲ.

ಎಜಿಸ್ತೊ ಬಸ್ಸು ಹತ್ತಿ ಫ್ಲಾರೆನ್ಸಿಗೆ ಹೋದ. ಹಳೇ ಸಾಮಾನಿನ ಅಂಗಡಿಯಲ್ಲಿ ಚಿತ್ರಗಳಿದ್ದ ಒಂದು ದಪ್ಪ ಅಂಗರಚನೆಯ ಪುಸ್ತಕ ಸಿಕ್ಕಿತು. ಜೊತೆಗೆ ಚಿತ್ರಶಾಲೆಯ ಮಕ್ಕಳು ನೋಡಿ ಬರೆಯುವಂಥ, ಚರ್ಮವಿಲ್ಲದ ಪ್ಲಾಸ್ಟರ್ ಮನುಷ್ಯನೊಬ್ಬ ಸಿಕ್ಕಿದ. ಹತ್ತು ವರ್ಷದ ಹುಡುಗನ ಎತ್ತರ, ಎಡಗೈ ಮುರಿದದ್ದಕ್ಕೆ ಅಗ್ಗ. ವಾಪಸು ಬರುವಾಗ ಅವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಮೇಲೆ ತನ್ನ ಕೋಟು ಹೊದಿಸಿದ. ಹಿಂದಿನ ಸೀಟಿನ ಮುದುಕಿಗೆ ಕುತೂಹಲ ತಡೆಯಲಿಲ್ಲ, ಕೋಟು ಎತ್ತಿ ನೋಡಿದಳು.

"ಅಯ್ಯೋ ದೇವ್ರೇ! ಏನಾಯ್ತಪ್ಪಾ ಮಗೂಗೆ?"

"ಏನಿಲ್ಲ ಅಜ್ಜಿ, ಚರ್ಮ ಇಲ್ಲ ಅಷ್ಟೆ."

"ಬಿಸಿಲಿಗಾ?" ಅಂದಳು ಮುದುಕಿ. ಕಂಡಕ್ಟರ್ ಬಂದು ಅರ್ಧ ಟಿಕೆಟ್ಟು ಹರಿದು ಕೊಟ್ಟ.

ಮನೆಯಲ್ಲಿ ಹೆಂಡತಿ ಝೆಲಿಂದಾ ಶಿಲುಬೆ ಗುರುತು ಹಾಕಿಕೊಂಡಳು. "ಇದರ ಮುಖ ನೋಡ್ಕೊಂಡು ನಾನು ಹುರುಳಿಕಾಯಿ ಸಾರು ಕುಡೀಬೇಕಾ?" ಅಂದಳು. ಆದರೆ ಹೆಂಗಸರ ಧೈರ್ಯ ದೊಡ್ಡದು. ವಾರ ಕಳೆಯುವುದರೊಳಗೆ ಅವನ ಭುಜದ ಮೇಲೆ ಒದ್ದೆ ಕಾಲುಚೀಲ ಹರವತೊಡಗಿದಳು. ಒಂದು ದಿನ ಎಜಿಸ್ತೊ ಕಾಲುಚೀಲವನ್ನೂ ಒಂದು ಸ್ನಾಯು ಎಂದೇ ತಿಳಿದು ಬರೆದುಬಿಟ್ಟ, ಪುಸ್ತಕದಲ್ಲಿ ಅದರ ಹೆಸರು ಹುಡುಕುತ್ತ ಮಧ್ಯಾಹ್ನ ಪೂರ್ತಿ ಕೂತ.

ಆಮೇಲೆ ಊರಿಗೆ ಕಾಟ ಶುರುವಾಯಿತು. ಎಜಿಸ್ತೊ ಜನರ ಮುಖ ನೋಡುವುದನ್ನೇ ಬಿಟ್ಟ. ಮಾತಾಡಿಸಿದವರ ಕುತ್ತಿಗೆಯ ಬುಡ ನೋಡುತ್ತಿದ್ದ, ಬ್ರೆಡ್ಡು ತೂಗುವವಳ ಮೊಣಕೈ ನೋಡುತ್ತಿದ್ದ. ಪೂಜೆಯಲ್ಲಿ ಎಲ್ಲರೂ ಮಂಡಿಯೂರಿದಾಗ ಇವನು ತಿರುಗಿ ಮಂಡಿಗಳನ್ನೇ ನೋಡುತ್ತಿದ್ದ. ಶವಗುಂಡಿ ತೋಡುವವನ ಹತ್ತಿರ ಹೋಗಿ ಒಂದು ಮೊಣಕಾಲ ಚಿಪ್ಪು ಕೇಳಿದ್ದು ಪೊಲೀಸ್ ಠಾಣೆಯವರೆಗೂ ಮುಟ್ಟಿತು.

"ಮೂಳೆ ಕೇಳಿದ್ಯಂತೆ, ನಿಜಾನೇನೋ?" ಅಂದರು ಠಾಣೆಯ ಮುಖ್ಯಾಧಿಕಾರಿಗಳು.

"ಇಟ್ಕೊಳ್ಳೋಕಲ್ಲ ಸಾಹೇಬ್ರೇ. ನೋಡಿ ವಾಪಸ್ ಕೊಡೋಕೆ."

"ಯಾರದ್ದು?"

"ಯಾರದ್ದಾದ್ರೂ ಆಗ್ಬೋದಿತ್ತು, ನನಗೇನೂ ಪಕ್ಷಪಾತ ಇಲ್ಲ."

ಸಾಹೇಬರು ಬಹಳ ಹೊತ್ತು ಅವನನ್ನು ನೋಡಿದರು. ಅವನೂ ಸಾಹೇಬರ ದವಡೆಯ ಮೂಳೆಯನ್ನು ನೋಡುತ್ತ ಕೂತ. ಕೊನೆಗೆ ಅವರೇ ಸೋತು, ಮನೆಗೆ ಹೋಗು ಮಾರಾಯ ಅಂದರು.

ಆದರೂ ಒಂದು ಮಾತು ಒಪ್ಪಬೇಕು. ಎಜಿಸ್ತೊನ ಕೈ ನಿಜವಾಗಿ ಪಳಗಿತು. ಹಿಂದೆ ಅವನ ಮನುಷ್ಯರಿಗೆಲ್ಲ ಎರಡೂ ಎಡಗೈ ಇರುತ್ತಿದ್ದವು, ಈಗ ಒಂದು ಬಲಕ್ಕೆ ಬಂತು. ತೋಳು ಎತ್ತಿದರೆ ಹೆಗಲು ಹ್ಯಾಗೆ ತಿರುಗುತ್ತದೆ, ಬಗ್ಗಿದರೆ ಬೆನ್ನು ಎಲ್ಲಿ ಉಬ್ಬುತ್ತದೆ ಎಲ್ಲ ಅವನಿಗೆ ತಿಳಿಯಿತು. ಪಾಪ, ಅಷ್ಟು ತಿಳಿಯದಿದ್ದರೇ ಚೆನ್ನಾಗಿತ್ತು.

ಪಟಕ್ಕೆ ಅವನು ಆರಿಸಿದ್ದು ಸುಲಿಯುವ ಗಳಿಗೆಯನ್ನೇ. ಕೆಳಗೆ ಸಂತ, ಮೇಲೆ ಬಗ್ಗಿ ನಿಂತ ಕಟುಕ. ಸಂತನಿಗೆ ಔಷಧಿಯಂಗಡಿಯ ಪಾನ್ಫಿಲೊನನ್ನು ಹಿಡಿದ. ಅವನೆಷ್ಟು ಬಡಕಲೆಂದರೆ ಅಂಗಿ ಬಿಚ್ಚಿದರೆ ಸಾಕು, ಪುಸ್ತಕ ತೆಗೆಯುವುದೇ ಬೇಡ, ಪಕ್ಕೆಲುಬು ಒಂದೊಂದೂ ಎಣಿಸಬಹುದಿತ್ತು. ಕಟುಕನಿಗೆ? ಅಂಥ ತೋಳು ಊರಲ್ಲಿ ಒಬ್ಬನಿಗೇ ಇತ್ತು.

ಬ್ರುನೇರೊ ಅಂಗಿ ಬಿಚ್ಚಿ ಎಜಿಸ್ತೊನ ಕೊಟ್ಟಿಗೆಯಲ್ಲಿ ನಿಂತ. ಕಾರ್ಖಾನೆಯ ತನ್ನದೇ ಕತ್ತಿಯನ್ನೂ ತಂದಿದ್ದ.

"ಕತ್ತಿ ನನ್ನ ಕೈಲೇ ಇರ್ಬೇಕಲ್ವೇನೋ?"

"ನಿನ್ನ ಕೈಲಲ್ದೆ ಇನ್ಯಾರ ಕೈಲಿರ್ಬೇಕು!" ಅಂದ ಎಜಿಸ್ತೊ, ಹೆಗಲ ಸ್ನಾಯುವಿನಿಂದ ಕಣ್ಣು ತೆಗೆಯದೆ. "ಮಾತಾಡ್ಬೇಡ, ಕತ್ತು ಅಲುಗತ್ತೆ."

ಅಷ್ಟೇ. ಅವರಿಬ್ಬರ ನಡುವೆ ಆ ವಿಷಯ ಮತ್ತೆ ಬರಲಿಲ್ಲ. ಎಜಿಸ್ತೊನ ತಲೆಯಲ್ಲಿ ಕತ್ತಿ ಹಿಡಿದವನು ಕಟುಕ. ಬ್ರುನೇರೊನ ತಲೆಯಲ್ಲಿ, ಊರಿನ ಎಲ್ಲರ ತಲೆಯಲ್ಲಿ, ಕತ್ತಿ ಹಿಡಿದವನು ಸಂತ.

ಬ್ರುನೇರೊ ಯಾರಿಗೂ ಹೇಳಬಾರದು ಅಂತ ಹೇಳಿ ಎಲ್ಲರಿಗೂ ಹೇಳಿದ. ಕುಂಚ ಹಿಡಿದು ಕೊಟ್ಟಿಗೆ ಸೇರಿದ್ದ ಎಜಿಸ್ತೊನ ಕಿವಿಗೆ ಮಾತ್ರ ಅದು ಬೀಳಲಿಲ್ಲ. ಮೊದಮೊದಲು ತಮಾಷೆಗೆ: "ನನ್ನ ಕಾಲಿಗೆ ಬೀಳ್ರೋ" ಅನ್ನುತ್ತಿದ್ದ. ಆಮೇಲೆ ಏನಾಯಿತೋ, ಮನುಷ್ಯ ಮೆತ್ತಗಾದ. ಬೈಗುಳ ಬಾಯಿವರೆಗೆ ಬಂದರೆ ನುಂಗಿಕೊಳ್ಳತೊಡಗಿದ. ಇಸ್ಪೀಟಿನಲ್ಲಿ ಸೋತರೂ ಮೇಜು ಗುದ್ದಲಿಲ್ಲ. "ಮುಂದಿನ ನೂರು ವರ್ಷ ಮಕ್ಕಳು ಮರಿ ಎಲ್ಲಾ ನನ್ನ ಮುಖಕ್ಕೆ ಕೈ ಮುಗೀತಾರೆ, ಒಂಚೂರು ಮರ್ಯಾದೆ ಬೇಡ್ವೇನೋ?" ಅಂದ. ಪಕ್ಷದವರು ಇವನಿಗೆ ಜ್ವರ ಅಂದುಕೊಂಡರು. ಒಂದು ಭಾನುವಾರ ತಾಯಿ ನುನ್ಸಿಯಾತಳ ಕೈ ಹಿಡಿದುಕೊಂಡು ಚರ್ಚಿನೊಳಗೇ ಬಂದು ಕೂತಾಗ, ದೋನ್ ಸೆಕೋಂದೊ ಅವರಿಗೆ ಅರ್ಧ ಪ್ರಾರ್ಥನೆ ಮರೆತುಹೋಯಿತು.

ನುನ್ಸಿಯಾತಾ ಹಣ್ಣು ಹಣ್ಣು ಮುದುಕಿ. ದೇವರನ್ನು ಬೈಯುವ ಮಗನಿಗಾಗಿ ಮೂವತ್ತು ವರ್ಷದಿಂದ ಮೇಣದಬತ್ತಿ ಹಚ್ಚುತ್ತಿದ್ದವಳು. ಒಂದು ಮಧ್ಯಾಹ್ನ ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯ ಮಡಿಲಲ್ಲಿ ಅಂಜೂರ ತುಂಬಿಕೊಂಡು ಎಜಿಸ್ತೊನ ಮನೆಗೆ ಬಂದಳು.

"ತಗೋ ಮಗನೇ, ನಮ್ಮ ಹಿತ್ತಿಲಿಂದು. ನಾನು ಸ್ವರ್ಗಕ್ಕೆ ಹೋದ್ರೂ ಅಲ್ಲಿ ನನ್ನ ಮಗ ಬರಲ್ವಲ್ಲಾ ಅಂತ ಅಳ್ತಿದ್ದೆ. ನೀನು ಅವನನ್ನ ಸಂತನ್ನ ಮಾಡ್ಬಿಟ್ಟೆ. ಮುಖಕ್ಕೆ ಮಾತ್ರ ಸ್ವಲ್ಪ ದಯೆ ಜಾಸ್ತಿ ಹಾಕಪ್ಪ, ಅವನು ಹುಟ್ಟಿದಾಗಿಂದ ಸಿಡುಕ."

ಬ್ರುನೇರೊ ತನ್ನನ್ನು ಏನೆಂದುಕೊಂಡಿದ್ದಾನೆ ಅಂತ ಎಜಿಸ್ತೊನಿಗೆ ತಿಳಿದದ್ದು ಆಗಲೇ. ಅಂಜೂರ ಕೈಯಲ್ಲೇ ಉಳಿಯಿತು. 'ಅಮ್ಮಾ, ನಿಮ್ಮ ಮಗ ಸಂತ ಅಲ್ಲ, ಸಂತನ್ನ ಸುಲಿಯೋನು' ಅಂತ ಹೇಳಲು ಬಾಯಿ ತೆರೆದ. "ಹೂಂ ಅಮ್ಮಾ, ಹಾಕ್ತೀನಿ" ಅಂದ.

ಮುದುಕಿ ಹೋದ ಮೇಲೆ ಝೆಲಿಂದಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ಈಗ್ಲೇ ಹೋಗಿ ಬ್ರುನೇರೊಗೆ ಹೇಳು."

"ಹೆಂಗ್ ಹೇಳ್ಲಿ ಕಣೇ?"

"ಹೇಳೋಕಾಗ್ದಿದ್ರೆ ಬದಲಾಯ್ಸು. ಸಂತನ ಕತ್ತಿನ ಮೇಲೆ ಬ್ರುನೇರೊನ ತಲೆ ಇಡು. ಬಣ್ಣ ತಾನೇ, ನಿನ್ನಪ್ಪನ ಮನೆ ಗಂಟು ಹೋಗತ್ತಾ?"

"ಆಗಲ್ಲ. ಬ್ರುನೇರೊನ ಕತ್ತು ಗೂಳಿ ಕತ್ತು. ಪಾನ್ಫಿಲೊನ ಪಕ್ಕೆಲುಬಿನ ಮೇಲೆ ಅದು ಕೂರಲ್ಲ. ಕಿವಿ ಹಿಂದಿಂದ ಎದೆ ಮೂಳೆಗೆ ಬರೋ ಸ್ನಾಯು ಇದೆ ನೋಡು, ಅದಕ್ಕೆ ಅಲ್ಲಿ ಜಾಗಾನೇ ಇಲ್ಲ!"

"ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತೆ."

ನೋಡಿ, ಇಪ್ಪತ್ತು ವರ್ಷ ಎರಡು ಎಡಗೈ ಬರೆದು ನಿದ್ದೆ ಮಾಡಿದ ಮನುಷ್ಯನಿಗೆ ಈಗ ಒಂದು ಕತ್ತು ಸರಿಯಾಗಿ ಕೂರದಿದ್ದರೆ ಮನಸ್ಸಾಕ್ಷಿ ಚುಚ್ಚುತ್ತದಂತೆ! ಝೆಲಿಂದಾ ಮೂಗು ಮುರಿದು ಒಳಗೆ ಹೋದಳು. ಎಜಿಸ್ತೊ ತನಗೆ ತಾನೇ ಒಂದು ಉಪಾಯ ಹೇಳಿಕೊಂಡ. ಕಟುಕನ ಮುಖ ಅಳಿಸಿ, ತಲೆಯನ್ನು ಆಚೆ ತಿರುಗಿಸಿ, ಬರೀ ಬೆನ್ನು ಕಾಣುವ ಹಾಗೆ ಬರೆದ. ಮುಖವೇ ಇಲ್ಲದ ಮೇಲೆ ಯಾರು ಗುರುತು ಹಿಡಿಯುತ್ತಾರೆ? ಸಂತನ ಮುಖ ಮಾತ್ರ ಅವಸರದಲ್ಲಿ ಪಾನ್ಫಿಲೊನದ್ದೇ ಉಳಿಯಿತು. ಆ ಬೆನ್ನಿಗೆ ಅವನು ಕೊಟ್ಟಷ್ಟು ಶ್ರದ್ಧೆ ಬೇರೆ ಯಾವುದಕ್ಕೂ ಕೊಡಲಿಲ್ಲ. ತೊಗಲು ಹೊತ್ತು ಹೊತ್ತು ಕುಸಿದ ಬಲ ಹೆಗಲು, ಅದರ ಪಕ್ಕದ ಗಂಟು, ಬೆನ್ನುಮೂಳೆಯ ಸಣ್ಣ ಡೊಂಕು, ಒಂದೂ ಬಿಡಲಿಲ್ಲ.

ಹಬ್ಬದ ದಿನ ಪಟ ಹೊರುವವನನ್ನು ಚರ್ಮದ ಕೆಲಸದವರೇ ಆರಿಸುತ್ತಾರೆ. ಆ ವರ್ಷ ಬ್ರುನೇರೊನಿಗಿಂತ ಯೋಗ್ಯ ಯಾರು? ತಾಯಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೆಂಪು ಕರವಸ್ತ್ರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಪಟ ಹೊರುವವನು ಬಟ್ಟೆಯ ಹಿಂದೆ ನಡೆಯುತ್ತಾನೆ. ಊರೆಲ್ಲ ಚಿತ್ರ ನೋಡುತ್ತದೆ, ಅವನಿಗೆ ಕಾಣುವುದು ಗೋಣಿಬಣ್ಣದ ಹಿಂಬದಿ ಮಾತ್ರ.

ಚರ್ಚಿನ ಬಾಗಿಲಲ್ಲಿ ದೋನ್ ಸೆಕೋಂದೊ ಮುಸುಕು ಎಳೆದರು. ಜನ ಕತ್ತು ಚಾಚಿ ನೋಡಿದರು. ಆಮೇಲೆ ಮೆಟ್ಟಿಲ ಮೇಲಿಂದ ಒಬ್ಬಳು ಕೂಗಿದಳು, "ಅಯ್ಯೋ, ಅದು ಬ್ರುನೇರೊ!"

ಎಜಿಸ್ತೊ ಕೆಟ್ಟದಾಗಿ ಬರೆದಿದ್ದರೆ ಯಾವನೋ ಒಬ್ಬ ಕಟುಕ ಅಂದುಕೊಂಡು ಜನ ಸುಮ್ಮನಾಗುತ್ತಿದ್ದರು. ಅವನು ಕಲಿತು ಬರೆದಿದ್ದ. ಬೇಸಿಗೆಯಿಡೀ ನದಿದಂಡೆಯಲ್ಲಿ ಅಂಗಿಯಿಲ್ಲದೆ ದುಡಿಯುವವನ ಬೆನ್ನು ಊರಿಗೆ ಗೊತ್ತಿರುವುದಿಲ್ಲವೇ? ಹೆಸರು ಬಾಯಿಂದ ಬಾಯಿಗೆ, ಬಾಲ್ಕನಿಯಿಂದ ಬಾಲ್ಕನಿಗೆ ಹಾರಿತು. ಪಾನ್ಫಿಲೊನ ಹೆಂಡತಿ ಗಂಡನ ಪಕ್ಕೆಲುಬು ಬೀದಿಯಲ್ಲಿ ಹೋಗುವುದನ್ನು ನೋಡಿ ಬಾಗಿಲು ಹಾಕಿಕೊಂಡಳು. ಪಕ್ಷದ ಹುಡುಗರು ವೈನಂಗಡಿಯ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತ, "ಶಹಬ್ಬಾಸ್ ಬ್ರುನೇರೊ! ಎಂಥಾ ಬೆನ್ನು!" ಅಂತ ಚಪ್ಪಾಳೆ ತಟ್ಟಿದರು.

ಬಟ್ಟೆಯ ಹಿಂದೆ ಬ್ರುನೇರೊ ಎಲ್ಲರಿಗೂ ವಿನಯದಿಂದ ತಲೆ ಬಾಗಿಸುತ್ತ ನಡೆದ. ಎಜಿಸ್ತೊ ಪಕ್ಕದಲ್ಲೇ, ಪಟ ಗಾಳಿಗೆ ಓಲಾಡದಂತೆ ಅದರ ಅಂಚಿಗೆ ಕಟ್ಟಿದ ದಾರ ಹಿಡಿದುಕೊಂಡು, ನೆಲ ಬಾಯಿಬಿಟ್ಟು ನುಂಗಬಾರದೇ ಅಂದುಕೊಳ್ಳುತ್ತ ಹೆಜ್ಜೆ ಹಾಕುತ್ತಿದ್ದ.

"ಎಲ್ರಿಗೂ ಗುರುತು ಸಿಕ್ತು ಕಣೋ," ಅಂದ ಬ್ರುನೇರೊ ಪಿಸುಮಾತಿನಲ್ಲಿ. ಕಣ್ಣಂಚು ಒದ್ದೆಯಾಗಿತ್ತು. "ನಾನು ನಿನ್ನ ಆಡ್ಕೊಂಡಿದ್ದೆ, ಮನಸ್ಸಿಗೆ ಹಚ್ಕೋಬೇಡ. ನಿಜವಾಗ್ಲೂ ಕಲ್ತಿದೀಯ."

"ಬ್ರುನೇರೊ, ಒಂದು ಮಾತು..."

"ಆಮೇಲೆ ಹೇಳು. ಅಗೋ ನಮ್ಮನೆ. ಅಮ್ಮನ ಮುಂದೆ ಒಂದು ಗಳಿಗೆ ನಿಲ್ಲಿಸ್ತೀನಿ, ಕಣ್ತುಂಬಾ ನೋಡ್ಲಿ."

ಎಜಿಸ್ತೊ ಆಗಲಾದರೂ ಹೇಳಬಹುದಿತ್ತು. ದಾರ ಎಳೆದು ಪಟವನ್ನು ಅತ್ತ ತಿರುಗಿಸಬಹುದಿತ್ತು, ಎಡವಿ ಬಿದ್ದವನಂತೆ ನಟಿಸಬಹುದಿತ್ತು. ಏನೂ ಮಾಡಲಿಲ್ಲ.

ನುನ್ಸಿಯಾತಾ ಹೊಸಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬ್ರುನೇರೊ ಪಟವನ್ನು ಎರಡೂ ಕೈಯಲ್ಲಿ ಎತ್ತರಕ್ಕೆ ಹಿಡಿದ. ಮುದುಕಿ ಕನ್ನಡಕ ಏರಿಸಿ ಸಂತನ ಮುಖ ನೋಡಿದಳು. "ಇದು ನಮ್ಮ ಔಷಧಿಯಂಗಡಿಯವನಲ್ವಾ? ನನ್ನ ಮಗ ಎಲ್ಲಿ?" ಅಂದಳು. ವಾದ್ಯದ ಗದ್ದಲದಲ್ಲಿ ಆ ಮಾತು ಬಟ್ಟೆಯ ಹಿಂದಕ್ಕೆ ಕೇಳಿಸಲಿಲ್ಲ, ಹತ್ತಿರವಿದ್ದ ವಾದ್ಯದವರು ಮಾತ್ರ ಒಬ್ಬೊಬ್ಬರಾಗಿ ನುಡಿಸುವುದನ್ನು ನಿಲ್ಲಿಸಿದರು. ಅವಳ ಕಣ್ಣು ಮೇಲಕ್ಕೆ ಸರಿದು ಆ ಬೆನ್ನಿನ ಮೇಲೆ ನಿಂತಿತು. ಚಿಕ್ಕಂದಿನಲ್ಲಿ ತೊಟ್ಟಿಯಲ್ಲಿ ಕೂರಿಸಿ ಉಜ್ಜಿದ ಬೆನ್ನು, ತಾಯಿಗೆ ತಿಳಿಯದೆ ಇರುತ್ತದೆಯೇ?

"ಏನಮ್ಮಾ, ಹ್ಯಾಗಿದೀನಿ?" ಬಟ್ಟೆಯ ಹಿಂದಿನಿಂದ ಬ್ರುನೇರೊನ ದನಿ ಬಂತು.

ಮುದುಕಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳು ಎಜಿಸ್ತೊನ ಕಡೆ ನೋಡಲೇ ಇಲ್ಲ.

"ಚೆನ್ನಾಗಿದೀಯ ಮಗನೇ," ಅಂದಳು. "ನಡಿ, ಬಿಸಿಲು ಜಾಸ್ತಿ."

ಮೆರವಣಿಗೆ ಮುಗಿದು ಪಟವನ್ನು ಪೀಠದ ಪಕ್ಕ ನಿಲ್ಲಿಸಿ ಬ್ರುನೇರೊ ಮುಂದಕ್ಕೆ ಬಂದ. ಬಹಳ ಹೊತ್ತು ನೋಡಿದ. ಎಜಿಸ್ತೊ ಏಟಿಗೆ ಸಿದ್ಧನಾಗಿ ಕಣ್ಣು ಮುಚ್ಚಿಕೊಂಡಿದ್ದ. ಆ ತೋಳಿನಿಂದ ಎರಡು ಬಿದ್ದಿದ್ದರೆ ಅವನಿಗೂ ಸಮಾಧಾನವಾಗುತ್ತಿತ್ತು.

"ತೋಳು ಚೆನ್ನಾಗಿ ಬಂದಿದೆ," ಅಂದ ಬ್ರುನೇರೊ.

ಹೊರಗೆ ಹೋಗಿ, ಅಷ್ಟು ವಾರ ನುಂಗಿಕೊಂಡಿದ್ದ ಬೈಗುಳಗಳನ್ನೆಲ್ಲ ಚರ್ಚಿನ ಮೆಟ್ಟಿಲ ಮೇಲೆ ನಿಂತು ಒಟ್ಟಿಗೆ ಬಿಟ್ಟ. ಪಾರಿವಾಳಗಳು ಎದ್ದು ಹಾರಿಹೋದವು. ಮತ್ತೆ ಆ ಹೊಸಿಲು ದಾಟಲಿಲ್ಲ.

ಎಜಿಸ್ತೊ ಪಟವನ್ನು ಹೊಸದಾಗಿ ಬರೆದುಕೊಡುತ್ತೇನೆ ಅಂತ ಪಾದ್ರಿಗಳ ಕಾಲು ಹಿಡಿದ. ಅಷ್ಟರಲ್ಲಿ ಬಿಷಪ್ಪರು ಬಂದು ನೋಡಿ, ಇಂಥ ಬೆನ್ನು ದೊಡ್ಡ ಊರುಗಳಲ್ಲೂ ಇಲ್ಲ ಅಂದುಬಿಟ್ಟಿದ್ದರು. "ಕುಂಚ ತಾಗಿಸಿದ್ಯೋ ಜೋಕೆ!" ಅಂದರು ದೋನ್ ಸೆಕೋಂದೊ. ಜೀವಮಾನದಲ್ಲಿ ಮೊದಲ ಸಲ ಎಜಿಸ್ತೊನನ್ನು ದೊಡ್ಡವರೊಬ್ಬರು ಹೊಗಳಿದ್ದರು. ಮನೆಗೆ ಬಂದು ಅತ್ತ.

ಚಳಿಗಾಲದಲ್ಲಿ ನುನ್ಸಿಯಾತಾ ಹಾಸಿಗೆ ಹಿಡಿದಳು. ಎಜಿಸ್ತೊನನ್ನು ಕರೆಸಿ, "ನನಗೆ ಬೈಯೋ ಶಕ್ತಿ ಇಲ್ಲ," ಅಂದಳು. "ಒಂದು ಸಣ್ಣ ಹಲಗೆ ಮೇಲೆ ಅವನ ಮುಖ ಬರ್ದು ಕೊಡು. ಸಂತ ಗಿಂತ ಏನೂ ಬೇಡ, ಬರೀ ಅವನ ಮುಖ. ಇಲ್ಲಿಂದ ಕಾಣೋ ಹಾಗೆ ತೂಗುಹಾಕ್ತೀನಿ. ಕಾರ್ಖಾನೆಗೆ ಹೋದೋನು ಸಂಜೆವರ್ಗೂ ಬರಲ್ಲ."

ಎಜಿಸ್ತೊ ಹಲಗೆ ಹದಮಾಡಿ ಕೂತ. ತಲೆಬುರುಡೆ ಬರೆದ, ಸರಿಯಾಗಿತ್ತು. ದವಡೆ ಬರೆದ, ಕೆನ್ನೆಯ ಮೂಳೆ ಬರೆದ, ಮೇಲೆ ಸ್ನಾಯು ಹೊದಿಸಿದ. ಯಾರದ್ದೋ ಮುಖವಾಯಿತು. ಅಳಿಸಿದ. ಮತ್ತೆ ಬರೆದ. ಹುಬ್ಬು ಕೂಡುತ್ತಿದ್ದವೋ ಇಲ್ಲವೋ, ನಗುವಾಗ ಬಾಯಿ ಯಾವ ಕಡೆ ಎಳೆಯುತ್ತಿತ್ತು, ಅವನಿಗೆ ನೆನಪಾಗಲಿಲ್ಲ. ಬಾಲ್ಯದಿಂದ ಎದುರು ಕೂತು ಇಸ್ಪೀಟು ಆಡಿದವನ ಮುಖ! ಕೊನೆಗೆ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ವೈನಂಗಡಿಗೆ ಹೋದ. ಬ್ರುನೇರೊ ಮೂಲೆಯ ಮೇಜಿನಲ್ಲಿದ್ದ. ಇವನು ಬಂದದ್ದು ಕಂಡು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತ.

ಎಜಿಸ್ತೊ ನಾಲ್ಕು ಹೆಜ್ಜೆ ದೂರದಲ್ಲಿ ಟೋಪಿ ತೆಗೆದು ನಿಂತ. ಎದುರಿಗೆ ಆ ಬೆನ್ನಿತ್ತು. ಅಂಗಿಯ ಮೇಲಿಂದಲೇ ಅದರ ಒಂದೊಂದು ಸ್ನಾಯುವಿಗೂ ಅವನು ಹೆಸರು ಹೇಳಬಲ್ಲವನಾಗಿದ್ದ.

"ಒಂದ್ಸಲ ಈ ಕಡೆ ತಿರುಗೋ ಬ್ರುನೇರೊ. ನನಗಲ್ಲ ಕಣೋ, ನಿಮ್ಮಮ್ಮನಿಗೆ. ನಿನ್ನ ಮುಖ ಬೇಕಂತೆ."

ಅಂಗಡಿಯಲ್ಲಿದ್ದವರೆಲ್ಲ ಇಸ್ಪೀಟಿನ ಎಲೆ ಕೆಳಗಿಟ್ಟರು. ಬ್ರುನೇರೊ ಗ್ಲಾಸಿನಲ್ಲಿದ್ದುದನ್ನು ನಿಧಾನವಾಗಿ ಕುಡಿದು ಮುಗಿಸಿದ.

"ಅಮ್ಮನಿಗೆ ನನ್ನ ಮುಖ ಗೊತ್ತು," ಅಂದ, ತಿರುಗದೆ. "ಗೊತ್ತಿಲ್ದೆ ಇರೋದು ನಿನಗೆ."